ಮೂರನೆಯ ಕೂಗು

ಹುಣಸೆದೊಡ್ಡಿ, ಅಂಚೆ ಅಜ್ಜೀಪುರ
ಹನೂರು ತಾಲ್ಲೂಕು
22 ಜುಲೈ 2024

ಶಿವರಂಜನಿ ಮೇಡಂ ಅವರಿಗೆ ಹಾಲಿನ ಡೈರಿ ಕಾರ್ಯದರ್ಶಿ ಯಶೋದ ಮಾಡುವ ನಮಸ್ಕಾರ.

ಕ್ಷೇಮಸಮಾಚಾರ ಆಮೇಲೆ ಬರೆಯುತ್ತೇನೆ. ಮೊದಲು ಪೆಟ್ಟಿಗೆಯ ಸಮಾಚಾರ. ಮೂರು ವರ್ಷದ ಹಿಂದೆ ನೀವೇ ಬಂದು, ನಮ್ಮ ಮನೆಯಲ್ಲೇ ಉಳಿದು, ನಮ್ಮ ಡೈರಿಯ ಮೇಲೆ ಕೂರಿಸಿ ಹೋದಿರಲ್ಲ, ಆನೆ ಬಂದರೆ ಕೂಗುವ ಪೆಟ್ಟಿಗೆ, ಅದು ಯುಗಾದಿಯಿಂದೀಚೆಗೆ ಒಂದೇ ಸಲ ಕೂಗಿ ಸುಮ್ಮನಾಗುತ್ತಿದೆ. ಮೊದಲು ಮೂರು ಸಲ ಕೂಗುತ್ತಿತ್ತು. ನಿಮ್ಮ ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ, "ನಿಮ್ಮದು ಎರಡನೇ ವರ್ಷನ್, ಈಗ ಮೂರನೆಯದು ಬಂದಿದೆ, ಎರಡನೆಯದನ್ನು ನಾವು ನೋಡುವುದಿಲ್ಲ" ಎಂದು ಬಹಳ ಮರ್ಯಾದೆಯಿಂದ ಹೇಳಿ ಇಟ್ಟುಬಿಟ್ಟಳು. ಆ ಫೋನು ಮಾಡುವುದಕ್ಕೆ ನಾನು ಅಜ್ಜೀಪುರದವರೆಗೆ ನಡೆದಿದ್ದೆ. ನಮ್ಮ ದೊಡ್ಡಿಯಲ್ಲಿ ಸಿಗ್ನಲ್ ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕೇ ಈ ಕಾಗದ.

ಒಂದು ಸಲ ಕೂಗಿದರೆ ಏನಂತೆ ಎಂದು ನಿಮ್ಮ ಆಫೀಸಿನವರು ಕೇಳಬಹುದು. ನೀವು ಯಳಂದೂರಿನವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರು ಹೆಸರು ಹಿಡಿದು ಕರೆದರೂ ಮೊದಲನೆಯ ಕೂಗಿಗೆ ನಮ್ಮಲ್ಲಿ ಓಗೊಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಪೀಡೆಗೆ ಎರಡು ಸಲ ಕರೆಯುವ ಶಕ್ತಿ ಮಾತ್ರ ಇರುತ್ತದೆ, ಮೂರನೆಯ ಕೂಗು ಬದುಕಿರುವವರದು ಎಂಬುದು ನಮ್ಮೂರ ನಂಬಿಕೆ. ಧ್ವನಿ ತುಂಬಿಸಿಕೊಳ್ಳುವಾಗ ನಮ್ಮ ಅತ್ತೆ ನಿಮಗೆ ಹೇಳಿದ್ದು ನೆನಪಿದೆಯಾ? "ನೋಡವ್ವ ಯಳಂದೂರ್ ಮಗಳೇ, ನಿನ್ ಪೆಟ್ಗೆ ಮೂರ್ ಸಲ ಕೂಗ್ಲಿ. ಒಂದ್ ಕೂಗ್ಗೆ ಓ ಅನ್ನಕ್ಕೆ ನಮ್ಮೂರ್ನೋರು ದಡ್ರಲ್ಲ." ನೀವು ನಕ್ಕು ಹಾಗೆಯೇ ಮಾಡಿಕೊಟ್ಟಿರಿ. ಹೊಲ ಕಾಯಲು ಹೋಗುವ ಗಂಡಸರ ಹೆಸರನ್ನೆಲ್ಲ ಅತ್ತೆಯ ಬಾಯಲ್ಲಿ ಒಬ್ಬೊಬ್ಬರದಾಗಿ ಹೇಳಿಸಿದಿರಿ, ಆನೆ ಯಾವ ಹೊಲದ ಕಂಬದ ಮುಂದೆ ಹಾದರೆ ಆ ಹೊಲದವನನ್ನೇ ಪೆಟ್ಟಿಗೆ ಕರೆಯಲಿ ಎಂದು. ಅದರಿಂದ ಎಷ್ಟೋ ಜೀವ ಉಳಿದಿದೆ.

ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಆನೆ ಇಳಿಯುತ್ತವೆ. ಅಷ್ಟರೊಳಗೆ ಮೂರು ಕೂಗು ವಾಪಸು ಕೊಡಿಸಿ. ಹೊಸದನ್ನು ತಕ್ಕೊಳ್ಳಿ ಎನ್ನಬೇಡಿ. ಅದಕ್ಕೆ ಸದಾ ಸಿಗ್ನಲ್ ಬೇಕಂತೆ. ಅದರ ಧ್ವನಿಯನ್ನೂ ಹನೂರಿನಲ್ಲಿ ಕೇಳಿದೆ, "ದಯವಿಟ್ಟು ಗಮನಿಸಿ, ವನ್ಯಜೀವಿ ಸಂಚಾರ ಪತ್ತೆಯಾಗಿದೆ" ಅನ್ನುತ್ತದೆ. ಅಷ್ಟು ಹೇಳಿ ಮುಗಿಸುವುದರೊಳಗೆ ಆನೆ ಅರ್ಧ ಹೊಲ ತಿಂದು ತೇಗಿರುತ್ತದೆ.

ಅತ್ತೆಯ ಕೂಗು ಈಗಲೂ ಊರಿಗೆಲ್ಲ ಕೇಳಿಸುತ್ತದೆ. ಹೆಚ್ಚಿಗೆ ಏನು ಬರೆಯಲಿ.

ಇಂತಿ,
ಯಶೋದ


ಹುಬ್ಬಳ್ಳಿ
1 ಆಗಸ್ಟ್ 2024

ಯಶೋದ ಅವರಿಗೆ ನಮಸ್ಕಾರ.

ನನ್ನ ಹೆಸರಿಗೆ ಕೈಯಲ್ಲಿ ಬರೆದ ಕಾಗದ ಬಂದು ಯಾವ ಕಾಲವಾಗಿತ್ತೋ! ಆಫೀಸಿನವರೆಲ್ಲ ಇದೇನು ಮದುವೆ ಪತ್ರವೇ ಎಂದು ತಮಾಷೆ ಮಾಡಿದರು. ನಿಮ್ಮ ಮನೆಯ ಹುರುಳಿ ಬಸ್ಸಾರು ನೆನೆದು ಅವತ್ತು ಮಧ್ಯಾಹ್ನ ನನಗೆ ಊಟವೇ ಸೇರಲಿಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕಿದೆ. ಮೂರನೆಯ ವರ್ಷನ್ ಬಿಡುಗಡೆಯಾಗುವ ಮೊದಲು ಎರಡನೆಯದಕ್ಕೆ ಕೊನೆಯದಾಗಿ ಒಂದು ಬದಲಾವಣೆ ಕಳಿಸಿದ್ದಾರೆ. ಬ್ಯಾಟರಿ ಉಳಿಯಲಿ ಎಂದು ಕೂಗನ್ನು ಒಂದಕ್ಕೆ ಇಳಿಸಿದ್ದಾರೆ. ಮಾಡಿದವನಿಗೆ ಮೂರು ಕೂಗಿನ ಅರ್ಥ ಗೊತ್ತಿರಲಿಲ್ಲ, ಒಂದೇ ಮಾತನ್ನು ಮೂರು ಸಲ ಹೇಳುವುದು ದಂಡ ಎಂದುಕೊಂಡ. ಸರಿಮಾಡುವುದು ನನಗೆ ಅರ್ಧ ದಿನದ ಕೆಲಸ. ಆದರೆ ಅದನ್ನು ನಿಮ್ಮ ಪೆಟ್ಟಿಗೆಗೆ ಕಳಿಸಲು ನಮ್ಮ ಮುಖ್ಯಸ್ಥ ಶಿವಕುಮಾರಸ್ವಾಮಿಯವರು ಒಪ್ಪಬೇಕು.

ಅವರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಯಶೋದ. "ನಾವಿರುವುದು ಹತ್ತು ಜನ. ಹಳೆಯದಕ್ಕೆ ತೇಪೆ ಹಾಕುತ್ತ ಕೂತರೆ ಹೊಸದನ್ನು ಯಾರು ನೋಡುತ್ತಾರೆ? ಹೊಸದು ನೂರು ಊರಿನಲ್ಲಿ ಜೀವ ಉಳಿಸುತ್ತದೆ" ಎಂದರು. ಅವರ ಮಾತಿನಲ್ಲೂ ನಿಜವಿದೆ. ಹಳೆಯದರಲ್ಲಿ ತಪ್ಪುಗಳೂ ಇವೆ. ಜೋಡಿ ಎತ್ತು ಅಂಟಿಕೊಂಡು ನಡೆದರೆ ನಮ್ಮ ಎರಡನೆಯ ವರ್ಷನ್ ಅವುಗಳನ್ನು ಒಂದು ಆನೆ ಎಂದು ತಿಳಿಯುತ್ತದೆ. ಮೂರನೆಯದರಲ್ಲಿ ಅದನ್ನು ತಿದ್ದಿದ್ದೇವೆ, ಎರಡನೆಯದರಲ್ಲಿ ಹಾಗೆಯೇ ಬಿಟ್ಟಿದ್ದೇವೆ.

ಸದ್ಯಕ್ಕೆ ಒಂದು ಉಪಾಯ ಮಾಡಿ. ನಿಮ್ಮ ಅತ್ತೆ ರಂಗಮ್ಮನವರೇ ಡೈರಿ ಮುಂದೆ ನಿಂತು, "ಇನ್ಮೇಲೆ ನನ್ನ ಒಂದು ಕೂಗಿಗೇ ಎದ್ದು ಬನ್ನಿ" ಎಂದು ಊರಿಗೆ ಹೇಳಿಬಿಡಲಿ. ಅವರ ಮಾತನ್ನು ಮೀರುವವರು ಯಾರಿದ್ದಾರೆ! ನಮ್ಮ ಯಳಂದೂರಿನ ಅಜ್ಜಿ ದೊಡ್ಡಬಸಮ್ಮನೂ ಹಾಗೆಯೇ ಇದ್ದಳು, ಶಾಸ್ತ್ರ ಮಾಡುವವಳೂ ಅವಳೇ, ಮುರಿಯುವವಳೂ ಅವಳೇ.

ಇನ್ನೊಂದು ವಿಷಯ. ನಿಮ್ಮ ಪೆಟ್ಟಿಗೆ ದಿನಕ್ಕೊಮ್ಮೆ ತನ್ನ ಉದ್ದನೆಯ ಆಂಟೆನಾದಿಂದ ಅಜ್ಜೀಪುರದ ಟವರ್ ಹಿಡಿದು ನಮಗೆ ಲೆಕ್ಕ ಕಳಿಸುತ್ತದೆ. ಅದರ ಪ್ರಕಾರ ಸುಮಾರು ದಿನದಿಂದ ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಹೊಲದ ಅಂಚಿನ ಕಂದಕದ ಕಂಬದ ಹತ್ತಿರ ಆನೆ ಬಂದಿದೆ, ಪೆಟ್ಟಿಗೆ ನಿಮ್ಮ ಯಜಮಾನರ ಹೆಸರನ್ನು ಕೂಗಿದೆ. ಆನೆ ನಿಮ್ಮ ಹೊಲಕ್ಕೇ ಗಂಟುಬಿದ್ದಿದೆಯಾ? ಮಾದು ಅವರಿಗೆ ಹುಷಾರಾಗಿರಲು ಹೇಳಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಶಿವರಂಜನಿ


ಹುಣಸೆದೊಡ್ಡಿ
19 ಆಗಸ್ಟ್ 2024

ಶಿವರಂಜನಿಯವರಿಗೆ,

ನಿಮ್ಮ ನಮಸ್ಕಾರವನ್ನು ಅತ್ತೆಗೆ ತಿಳಿಸಲಾರೆ. ಅವರು ಶಿವರಾತ್ರಿಯ ಮರುವಾರವೇ ತೀರಿಕೊಂಡರು. ಹಾಲು ಕರೆಯುತ್ತಾ ಕೂತವರು ಹಾಗೆಯೇ ಹಸುವಿನ ಕಾಲಿಗೆ ಒರಗಿದರು. ಹಸು ಅಲ್ಲಾಡದೆ ನಿಂತಿತ್ತು.

ನಿಮಗೆ ಬೇಕೆಂದೇ ಹೇಳಲಿಲ್ಲ. ಸತ್ತವರ ಧ್ವನಿ ಎಂದು ಗೊತ್ತಾದರೆ ಕಂಪನಿಯವರು ತೆಗೆದುಹಾಕುತ್ತಾರೇನೋ ಎಂದು ಹೆದರಿದೆ. ಅವರದು ಎಂದು ನಮಗೆ ಉಳಿದಿರುವುದು ಅದೊಂದೇ. ಫೋಟೋ ತೆಗೆಸಿಕೊಳ್ಳಲು ಕರೆದರೆ "ಮೊಕ ನೋಡಿ ಏನ್ ಮಾಡೀರಿ, ಓಗ್ರೋ" ಎಂದು ಓಡಿಸುತ್ತಿದ್ದರು.

ಈಗ ನಿಮಗೆ ಅರ್ಥವಾಗಿರಬೇಕು. ಬದುಕಿರುವವರ ಒಂದು ಕೂಗಿಗೇ ಓಗೊಡದ ಊರು ಇದು. ತೀರಿಕೊಂಡವರು ಹೊತ್ತು ಮುಳುಗಿದ ಮೇಲೆ ಹೆಸರು ಹಿಡಿದು ಒಂದೇ ಸಲ ಕರೆದು ಸುಮ್ಮನಾದರೆ ಯಾರು ತಾನೇ ಏಳುತ್ತಾರೆ? ಹೋದ ವಾರ ಪೆಟ್ಟಿಗೆ "ಜಡೇಸ್ವಾಮೀ, ಮನೆಗ್ ಬಾ ಮಗಾ, ಸ್ವಾಮಿ ಬಂದವ್ನೆ" ಎಂದು ಕೂಗಿತು. ಅತ್ತೆ ಆನೆಯನ್ನು ಸ್ವಾಮಿ ಎಂದೇ ಅನ್ನುತ್ತಿದ್ದರು, ಅವತ್ತು ನಿಜವಾಗಿ ಆನೆ ಬಂದಿತ್ತು. ನಮ್ಮ ಪಕ್ಕದ ಹೊಲದ ಜಡೇಸ್ವಾಮಿ ತನ್ನ ಕಾವಲು ಗುಡಿಸಲಿನಲ್ಲಿ ದೀಪ ಆರಿಸಿ, ಕಂಬಳಿ ಹೊದ್ದು, ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗಿಬಿಟ್ಟ. ಆನೆ ಗುಡಿಸಲಿನ ಒಂದು ಮಗ್ಗುಲನ್ನು ಕಿತ್ತುಹಾಕಿ ಹೋಯಿತು. "ಯಾಕ್ಲಾ ಎದ್ದು ಬರ್ಲಿಲ್ಲ?" ಅಂದರೆ, "ರಂಗಕ್ಕ ಒಂದೇ ಸಲ ಕರುದ್ಲು ಕಣಮ್ಮಿ. ಆನೆಗಿಂತ ಅವಳ್ಗೇ ಎದ್ರುಕಂಡೆ" ಅಂದ.

ಇನ್ನು ನಮ್ಮ ಮನೆಯವರ ವಿಷಯ. ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಪ್ರತಿ ಸಂಜೆ ಪೆಟ್ಟಿಗೆ ಮಾದು ಎಂದು ಕೂಗುವುದನ್ನು ಡೈರಿಯಲ್ಲಿ ಹಾಲು ಅಳೆಯುತ್ತಾ ನಾನೂ ಕೇಳಿದ್ದೆ. ಆದರೆ ನಮ್ಮ ಹೊಲದಲ್ಲಿ ಒಂದು ತೆನೆಯೂ ಮುರಿದಿರಲಿಲ್ಲ, ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಪೆಟ್ಟಿಗೆಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ನಿಮ್ಮ ಕಾಗದದಲ್ಲಿ ಜೋಡಿ ಎತ್ತಿನ ಮಾತು ಓದಿದ ಮೇಲೆ, ಒಂದು ಸಂಜೆ ಡೈರಿಯನ್ನು ಪಕ್ಕದ ಮನೆಯ ಶಂಕರಮ್ಮನಿಗೆ ವಹಿಸಿ ನಮ್ಮ ಮನೆಯವರ ಹಿಂದೆಯೇ ಹೋದೆ.

ಅವರು ಎರಡು ಎತ್ತನ್ನೂ ಒಂದಕ್ಕೊಂದು ಒತ್ತಿ ಹಿಡಿದುಕೊಂಡು ಕಂದಕದ ಕಂಬದ ಮುಂದೆ ನಿಧಾನಕ್ಕೆ ಹಾಯಿಸಿದರು. ಆಮೇಲೆ ಹಗ್ಗ ಬಿಟ್ಟು, ಊರಿನ ಕಡೆಗೆ ತಿರುಗಿ, ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು. ಡೈರಿಯಿಂದ ಕೂಗು ಬಂತು. "ಮಾದೂ, ಮನೆಗ್ ಬಾ ಮಗಾ, ಸ್ವಾಮಿ ಬಂದವ್ನೆ." ಅವರು ಕಾಯುತ್ತಾ ಇದ್ದರು. ಮತ್ತೆ ಕೂಗು ಬರಲಿಲ್ಲ.

ನಾನು ಹತ್ತಿರ ಹೋದರೆ ಬೆಚ್ಚಲಿಲ್ಲ, ನಾಚಲೂ ಇಲ್ಲ. "ಒಂದೇ ಸಲ ಕರೀತಾಳೆ ಕಣಮ್ಮಿ ಅವ್ವ. ಇನ್ನೆರಡ್ ಸಲ ಕರುದ್ರೆ ಓ ಅಂದ್ಬುಡಬೋದಿತ್ತು" ಅಂದರು. ಅವರ ಮುಖ ನೋಡಲಾಗದೆ ನಾನು ಎತ್ತಿನ ಹಗ್ಗ ಹಿಡಿದುಕೊಂಡು ಮುಂದೆ ಬಂದುಬಿಟ್ಟೆ.

ಅದು ಆನೆ ದಾಟುವ ಜಾಗ. ದಿನಾ ಸಂಜೆ ಅಲ್ಲಿ ನಿಂತರೆ ಇವತ್ತಲ್ಲ ನಾಳೆ ನಿಜವಾದದ್ದೇ ಬರುತ್ತದೆ. ಆಗಲೂ ಇವರು ಒಂದು ಕೂಗಿಗೆ ಕದಲುವುದಿಲ್ಲ. ಮೂರು ಸಲ ಕೂಗಿಸಿ, ನಿಮಗೆ ಕೈ ಮುಗಿಯುತ್ತೇನೆ.

ಯಶೋದ


ಹುಬ್ಬಳ್ಳಿ
3 ಸೆಪ್ಟೆಂಬರ್ 2024

ಯಶೋದಕ್ಕಾ,

ಅಕ್ಕ ಎಂದೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿ ಅತ್ತುಬಿಟ್ಟೆ. ನಿಮ್ಮ ಮನೆಯಲ್ಲಿದ್ದಾಗ ರಂಗಮ್ಮ ಅಮ್ಮ ನನಗೆ ಕೂದಲು ಬಾಚಿ ಜಡೆ ಹಾಕಿದ್ದು ನೆನಪಾಯಿತು. "ಕೂದ್ಲಿಗೆ ಎಣ್ಣೆ ಕಾಣ್ಸದೆ ಎಷ್ಟ್ ದಿಸ ಆಯ್ತವ್ವ" ಎಂದು ಬೈಯುತ್ತಲೇ ಹಾಕಿದ್ದರು.

ಅವರು ಹೋದ ಮೇಲೂ ಇಷ್ಟು ತಿಂಗಳಿಂದ ನಮ್ಮ ಪರದೆಯ ಮೇಲೆ ಅವರ ಧ್ವನಿಯ ಲೆಕ್ಕ ಬರುತ್ತಿತ್ತು. ನಾನು ಅದನ್ನು ನೋಡಿ, ಅಮ್ಮ ಚೆನ್ನಾಗಿದ್ದಾರೆ ಎಂದುಕೊಳ್ಳುತ್ತಿದ್ದೆ. ಎಂಥ ಹುಚ್ಚು ನೋಡಿ.

ಸರಿಮಾಡಿದ್ದೇನೆ. ಆಫೀಸಿನಲ್ಲಿ ದೊಡ್ಡ ಜಗಳವೇ ಆಯಿತು. "ಮಾರುವಾಗ ಜೀವ ಕಾಯುತ್ತದೆ ಅಂದಿರಿ. ಹಳೆಯದಾದ ತಕ್ಷಣ ಅವರ ಜೀವವೂ ಹಳೆಯದಾಯಿತಾ?" ಎಂದು ಶಿವಕುಮಾರಸ್ವಾಮಿಯವರ ಮುಖದ ಮೇಲೇ ಹೇಳಿದೆ. ಅವರು, ನೋಡೋಣ ಎಂದರು. ಗಣೇಶನ ಹಬ್ಬ ಕಳೆದ ಮೇಲಿನ ಸೋಮವಾರದಿಂದ ನಿಮ್ಮ ಪೆಟ್ಟಿಗೆ ಮೂರು ಸಲ ಕೂಗುತ್ತದೆ. ನಿಶ್ಚಿಂತೆಯಾಗಿರಿ, ಊರಿಗೂ ಹೇಳಿ.

ಮಾದಣ್ಣನನ್ನು ಮಾತ್ರ ಆ ಕಂಬದ ಹತ್ತಿರ ಹೋಗಲು ಬಿಡಬೇಡಿ.

ನಿಮ್ಮ ತಂಗಿ,
ಶಿವರಂಜನಿ


ಹುಣಸೆದೊಡ್ಡಿ
12 ಸೆಪ್ಟೆಂಬರ್ 2024

ತಂಗಿ ಶಿವರಂಜನಿಗೆ,

ನಿನ್ನ ಹೊಟ್ಟೆ ತಣ್ಣಗಿರಲಿ. ಕಾಗದ ಬಂದ ದಿನವೇ ಡೈರಿ ಮುಂದೆ ಎಲ್ಲರನ್ನೂ ಸೇರಿಸಿ ಹೇಳಿದೆ. ಸೋಮವಾರದಿಂದ ಮೂರು ಕೂಗು, ಮೂರನೆಯದಕ್ಕೆ ಎದ್ದು ಊರಿಗೆ ಬಂದುಬಿಡಿ ಎಂದೆ. ಜಡೇಸ್ವಾಮಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಇಷ್ಟು ದಿನ ಮನೆಯಲ್ಲೇ ಮಲಗುತ್ತಿದ್ದ ಗಂಡಸರು ಧೈರ್ಯವಾಗಿ ಮತ್ತೆ ಕಾವಲಿಗೆ ಹೋಗುತ್ತಿದ್ದಾರೆ.

ಸೋಮವಾರದಿಂದ ಪೆಟ್ಟಿಗೆ ಇನ್ನೂ ಬಾಯಿ ಬಿಟ್ಟಿಲ್ಲ. ಆನೆ ಆ ಕಡೆಯ ಕಾಡಿಗೆ ಹೋಗಿವೆಯಂತೆ. ನಮ್ಮ ಎತ್ತುಗಳನ್ನು ನಾನೇ ಉಪಾಯ ಮಾಡಿ ಬಂಡಳ್ಳಿಯ ನನ್ನ ತಮ್ಮನಿಗೆ ಉಳುಮೆಗೆ ಕೊಟ್ಟು ಕಳಿಸಿದ್ದೇನೆ. ಎತ್ತಿಲ್ಲದೆ ಇವರು ಏನು ಮಾಡಿಯಾರು? ಸಂಜೆಯಾದರೆ ಜಗುಲಿಯ ಮೇಲೆ ಕೂತು ಡೈರಿಯ ಕಡೆ ನೋಡುತ್ತಿರುತ್ತಾರೆ.

ನನಗೊಂದು ಭಯ ಹತ್ತಿದೆ, ನಿನಗಲ್ಲದೆ ಯಾರಿಗೆ ಹೇಳಲಿ. ಮೂರನೆಯ ಕೂಗಿಗೆ ಇವರು ಓ ಎನ್ನುತ್ತಾರೆ. ಸತ್ತವರಿಗೆ ಓ ಎಂದಮೇಲೆ ಅವರು ಸುಮ್ಮನೆ ಬಿಡುತ್ತಾರಾ? ಆಮೇಲೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಕೂಗು ಬರುವುದು ಊರ ನಡುವಿನ ಡೈರಿಯಿಂದ. ಅದಕ್ಕೆ ಓಗೊಟ್ಟವರು ಕಾಡಿಗೆ ಬೆನ್ನು ಹಾಕಿ ಮನೆಗೇ ಬರಬೇಕು. ಕರೆಯುವವಳು ಹೆತ್ತ ತಾಯಿ, ಅಷ್ಟೂ ನಂಬದಿದ್ದರೆ ಹೇಗೆ.

ಪೆಟ್ಟಿಗೆಗೆ ಹೊಸದು ಸೇರಿತು ಎಂದು ಒಂದು ಸಾಲು ಬರೆದು ಹಾಕು. ಮನಸ್ಸಿಗೆ ಗಟ್ಟಿಯಾಗುತ್ತದೆ.

ಯಶೋದಕ್ಕ


ಹುಣಸೆದೊಡ್ಡಿ
25 ಸೆಪ್ಟೆಂಬರ್ 2024

ಶಿವರಂಜನಿಗೆ,

ಒಂದು ಸಾಲೂ ಬರಲಿಲ್ಲ. ಕೆಲಸದ ಗಡಿಬಿಡಿ ಇರಬೇಕು. ಮಾರ್ನಮಿ ಅಮಾವಾಸ್ಯೆಗೆ ಅತ್ತೆಗೆ ಮೊದಲ ಎಡೆ ಇಡಬೇಕು. ಹಬ್ಬಕ್ಕೆ ಎತ್ತು ಮನೆಯಲ್ಲೇ ಇರಬೇಕು ಎಂದು ಇವರು ಹಟ ಹಿಡಿದು ಬಂಡಳ್ಳಿಯಿಂದ ಹೊಡೆದುಕೊಂಡು ಬಂದಿದ್ದಾರೆ. ದಯವಿಟ್ಟು ಬರಿ.

ಯಶೋದ


ಹುಣಸೆದೊಡ್ಡಿ
4 ಅಕ್ಟೋಬರ್ 2024

ತಂಗಿ ಶಿವರಂಜನಿಗೆ,

ಬೆಟ್ಟದ ಮಾದಪ್ಪನ ದಯೆ, ನಿನ್ನ ದಯೆ. ನಮ್ಮ ಮನೆಯವರು ಬದುಕಿದ್ದಾರೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಅಮಾವಾಸ್ಯೆಯ ದಿನ ಎಡೆ ಇಟ್ಟು, ಅತ್ತೆಗೆ ಇಷ್ಟವಾದ ಕಜ್ಜಾಯ, ಅವರೆಕಾಳಿನ ಸಾರು, ಎಲೆ ಅಡಿಕೆ ಎಲ್ಲ ಬಡಿಸಿ, ಬಾಗಿಲು ಮರೆಮಾಡಿ ಹೊರಗೆ ಕೂತೆವು. ಇವರು ಸಮಾಧಾನವಾಗಿಯೇ ಉಂಡರು. ಸಂಜೆ ನಾನು ಡೈರಿಗೆ ಬಂದೆ. ಹಾಲು ಹಾಕುವವರು ಸಾಲಾಗಿ ನಿಂತಿದ್ದರು, ಜಡೇಸ್ವಾಮಿ ಕ್ಯಾನು ಎತ್ತಿ ಕೊಡುತ್ತಿದ್ದ. ಆಗ ತಲೆಯ ಮೇಲಿಂದ ಕೂಗು ಬಂತು. "ಮಾದೂ, ಮನೆಗ್ ಬಾ ಮಗಾ, ಸ್ವಾಮಿ ಬಂದವ್ನೆ."

ನನಗೆ ಸಿಟ್ಟೇ ಬಂತು. ಕಣ್ತಪ್ಪಿಸಿ ಮತ್ತೆ ಎತ್ತು ಹೊಡೆದುಕೊಂಡು ಹೋಗಿದ್ದಾರೆ, ಬರಲಿ ಇವತ್ತು ಎಂದುಕೊಂಡು ಹಾಲು ಅಳೆಯುತ್ತಲೇ ಇದ್ದೆ. ಅಷ್ಟರಲ್ಲಿ ಬೀದಿಯಲ್ಲಿ ಗೊರಸಿನ ಸದ್ದು ಕೇಳಿತು. ನಮ್ಮ ಎತ್ತುಗಳು ಎರಡೂ ಹಗ್ಗ ಎಳೆದುಕೊಂಡು, ಬಾಲ ಎತ್ತಿಕೊಂಡು ಓಡಿ ಬರುತ್ತಿದ್ದವು. ಜೊತೆಯಲ್ಲಿ ಇವರು ಇಲ್ಲ.

ಎತ್ತು ಊರಿನಲ್ಲಿದ್ದರೆ ಕಂಬದ ಹತ್ತಿರ ನಿಂತಿರುವುದು ಯಾವುದು?

ಎರಡನೆಯ ಕೂಗಿಗೆ ಕಾದೆ. ಬರಲಿಲ್ಲ. ನೀನು ಮೂರು ಎಂದಿದ್ದೆಯಲ್ಲ, ತಡವಾಗಿ ಬರುತ್ತದೇನೋ ಎಂದು ಇನ್ನೂ ಕಾದೆ. ಹಾಲಿನ ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಆಮೇಲೆ ನನಗೆ ಏನಾಯಿತೋ ಗೊತ್ತಿಲ್ಲ. ಡೈರಿಯ ಮೆಟ್ಟಿಲು ಹತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, ಅತ್ತೆ ಕೂಗುವ ಹಾಗೆಯೇ ಕೂಗಿದೆ. ಮಾದೂ, ಮನೆಗ್ ಬಾ ಮಗಾ. ಮದುವೆಯಾಗಿ ಬಂದ ದಿನದಿಂದ ಕೇಳಿದ ರಾಗ, ಬಾರದೆ ಇರುತ್ತದಾ? ಜಡೇಸ್ವಾಮಿಯ ಕೈಯಿಂದ ಕ್ಯಾನು ಬಿದ್ದು ಹಾಲೆಲ್ಲ ಚೆಲ್ಲಿತು. ಮೂರನೆಯದನ್ನೂ ಕೂಗೋಣ ಎಂದು ಬಾಯಿ ತೆರೆದೆ. ಗಾಳಿ ಹೊರಟಿತೇ ಹೊರತು ಸ್ವರ ಹೊರಡಲಿಲ್ಲ.

ಆಗ ನಿನ್ನ ಮೂರನೆಯ ಕೂಗು ಬಂತು ನೋಡು! ಎರಡನೆಯದನ್ನು ಎಲ್ಲಿ ನುಂಗಿತ್ತೋ, ಮೂರನೆಯದನ್ನು ಸರಿಯಾಗಿ ಕೂಗಿತು. "ಮಾದೂ, ಅದ್ ಎತ್ತಲ್ಲ ಕಣ್ಲಾ, ಬುಟ್ಟು ಬಾ." ಊರಿಗೆಲ್ಲ ಕೇಳಿಸಿತು. ಕಂದಕದ ಕಡೆಯಿಂದ ಇವರ ಉತ್ತರ ಬಂತು. "ಓ ಅವ್ವಾ, ಬಂದೆ."

ಬಂದರು. ಮೈಯೆಲ್ಲ ಬೆವರಿತ್ತು, ರುಮಾಲು ಕೈಯಲ್ಲೇ ಇತ್ತು. ಜಗುಲಿಯಲ್ಲಿ ಕೂರಿಸಿ ನೀರು ಕೊಟ್ಟ ಮೇಲೆ ಹೇಳಿದರು. ಎತ್ತು ಹಾಯಿಸಿ, ಊರಿನ ಕಡೆ ತಿರುಗಿ ನಿಂತಿದ್ದರಂತೆ. ಎತ್ತು ಯಾವಾಗ ಓಡಿದವೋ ಗೊತ್ತಿಲ್ಲ. ಬೆನ್ನ ಹಿಂದೆ ಕಪ್ಪಗೆ ನಿಂತಿತ್ತು, ಉಸಿರು ತಾಗುತ್ತಿತ್ತು. "ನಮ್ ಎತ್ತೇ ಅಂದ್ಕಂಡು ಬೆನ್ ಸವರಕ್ಕೆ ಕೈ ಚಾಚಿದ್ದೆ ಕಣಮ್ಮಿ. ಮೊದಲ್ನೇದು ಪೆಟ್ಗೆ. ಎರಡನೇದು ನೀನು, ನಿನ್ ದನಿ ನಡುಗ್ತಿತ್ತು, ಗೊತ್ತಾಯ್ತು. ಮೂರನೇದ್ಕೆ ಕೈ ಇಂದುಕ್ ತಕಂಡೆ. ಅವ್ವ ಬೈದ್ಲಲ್ಲ, ನಿಲ್ಲಕ್ಕಾಯ್ತದಾ?" ಬೆಳಿಗ್ಗೆ ಹೋಗಿ ನೋಡಿದೆವು. ಇವರ ಹೆಜ್ಜೆಯ ಪಕ್ಕದಲ್ಲೇ ಅದರ ಹೆಜ್ಜೆ ಇತ್ತು, ನಡುವೆ ಒಂದು ಮೊರ ಇಡಲೂ ಜಾಗವಿರಲಿಲ್ಲ.

ಊರಿನವರೆಲ್ಲ ನಿನ್ನನ್ನು ಹರಸುತ್ತಿದ್ದಾರೆ. ಎರಡನೆಯ ಕೂಗು ಯಾಕೆ ತಪ್ಪಿತು ಎಂದು ನೋಡಿ ಸರಿಮಾಡು. ಇನ್ನೊಂದು ಕೇಳಬೇಕಿತ್ತು. ಅದ್ ಎತ್ತಲ್ಲ ಕಣ್ಲಾ ಎಂಬ ಮಾತನ್ನು ಅತ್ತೆಯ ಬಾಯಲ್ಲಿ ಯಾವಾಗ ಹೇಳಿಸಿಕೊಂಡಿದ್ದೆ? ನಾನು ಆಗ ಅಲ್ಲೇ ಇದ್ದೆ, ನನಗೆ ನೆನಪಿಲ್ಲ.

ನಿನ್ನ ಅಕ್ಕ,
ಯಶೋದ


ಹುಬ್ಬಳ್ಳಿ
13 ಅಕ್ಟೋಬರ್ 2024

ಅಕ್ಕಾ,

ಈ ಕಾಗದ ಬರೆದು ಹರಿದು, ಬರೆದು ಹರಿದು ಕೊನೆಗೆ ಕಳಿಸುತ್ತಿದ್ದೇನೆ. ನಿಮ್ಮ ಹಾರೈಕೆಗೆ ನಾನು ಯೋಗ್ಯಳಲ್ಲ.

ನಿಮ್ಮ ಪೆಟ್ಟಿಗೆಗೆ ಹೊಸದು ಯಾವುದೂ ಸೇರಿಲ್ಲ. ನಾನು ಸಿದ್ಧಮಾಡಿ ಒಪ್ಪಿಗೆಗೆ ಇಟ್ಟಿದ್ದೆ. ನೋಡೋಣ ಎಂದವರು ಒಪ್ಪಿಯೇ ಒಪ್ಪುತ್ತಾರೆ ಎಂದು ನಂಬಿ ನಿಮಗೆ ಮೊದಲೇ ಬರೆದುಬಿಟ್ಟೆ. ಹಬ್ಬ ಕಳೆದು ಬಂದರೆ ಅದನ್ನು ಅಳಿಸಿಹಾಕಿದ್ದರು, ಎರಡನೆಯ ವರ್ಷನ್ನನ್ನು ಮುಟ್ಟುವ ಅಧಿಕಾರವನ್ನೂ ನನ್ನಿಂದ ಕಿತ್ತುಕೊಂಡಿದ್ದರು. ಆ ದಿನವೇ ನಿಮಗೆ ತಿಳಿಸಬೇಕಿತ್ತು. ಇನ್ನೊಮ್ಮೆ ಕೇಳೋಣ, ನಾಳೆ ಕೇಳೋಣ, ಸರಿಯಾದ ಮೇಲೆ ಬರೆಯೋಣ ಎಂದು ಮುಂದೆ ಹಾಕುತ್ತಾ ಹೋದೆ. ಅಷ್ಟು ದಿನವೂ ನಿಮ್ಮೂರಿನವರು ನನ್ನ ಮಾತು ನಂಬಿ ಹೊಲದಲ್ಲಿ ಮಲಗಿದ್ದರು. ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಮಾವಾಸ್ಯೆಯ ಸಂಜೆಯ ಲೆಕ್ಕವನ್ನು ನೋಡಿದೆ, ಮತ್ತೆ ಮತ್ತೆ ನೋಡಿದೆ. ಪೆಟ್ಟಿಗೆ ಅವತ್ತು ಕೂಗಿದ್ದು ಒಂದೇ ಸಲ.

ಅಮ್ಮ ನಮಗೆ ಹೇಳಿಕೊಟ್ಟ ಧ್ವನಿಗಳೆಲ್ಲ ನನ್ನ ಹತ್ತಿರ ಇವೆ. ರಜೆ ಹಾಕಿ ಕೂತು ಎಲ್ಲವನ್ನೂ ಕೇಳಿದೆ. ಹೆಸರುಗಳಿವೆ, ಮನೆಗ್ ಬಾ ಮಗಾ ಇದೆ, ನಡುವೆ ಒಮ್ಮೆ ಕೆಮ್ಮು, ಒಮ್ಮೆ ನನಗೆ ಬೈದದ್ದೂ ಇದೆ. ನೀವು ಬರೆದ ಮಾತು ಎಲ್ಲಿಯೂ ಇಲ್ಲ. ಯಾರಾದರೂ ಊರಿನವರೇ ಕೂಗಿರಬಹುದಾ? ಜಡೇಸ್ವಾಮಿಯನ್ನು, ಶಂಕರಮ್ಮನನ್ನು ಕೇಳಿ ನೋಡಿ. ಹಾಗೆಯೇ ಇರಲಿ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿದೆ.

ದೀಪಾವಳಿಗೆ ಯಳಂದೂರಿಗೆ ಬರುತ್ತಿದ್ದೇನೆ. ಅಲ್ಲಿಂದ ಕೊಳ್ಳೇಗಾಲದ ಮೇಲೆ ನಿಮ್ಮಲ್ಲಿಗೆ ಬಂದು, ಪೆಟ್ಟಿಗೆ ಬಿಚ್ಚಿ, ನನ್ನ ಕೈಯಾರೆ ಸರಿಮಾಡುತ್ತೇನೆ. ಆಫೀಸಿನವರು ಒಪ್ಪಿಲ್ಲ, ಕೆಲಸ ಹೋದರೆ ಹೋಗಲಿ. ಬಾ ಎಂದು ಒಂದು ಮಾತು ಬರೆಯಿರಿ ಸಾಕು. ಬೈದು ಬರೆದರೂ ಸರಿ.

ಶಿವರಂಜನಿ


ಹುಣಸೆದೊಡ್ಡಿ
21 ಅಕ್ಟೋಬರ್ 2024

ಶಿವರಂಜನಿಗೆ,

ಬೈಯಬೇಕು ಎಂದೇ ಕೂತೆ. ಆಗಲಿಲ್ಲ. ನೀನು ಸುಳ್ಳು ಹೇಳಿದೆ, ಆದರೆ ನಿಮ್ಮ ಕಂಪನಿಯಲ್ಲಿ ನಮ್ಮ ಪಾಲಿಗೆ ಅತ್ತವಳೂ ನೀನೊಬ್ಬಳೇ.

ಜಡೇಸ್ವಾಮಿಯನ್ನು ಕೇಳಿದೆ, ಶಂಕರಮ್ಮನನ್ನು ಕೇಳಿದೆ. ಅವರು ನನ್ನ ಪಕ್ಕದಲ್ಲೇ ಇದ್ದರು, ಬಾಯಿ ಬಿಟ್ಟಿಲ್ಲ. ನಾನು ಕೂಗಿದ್ದು ಎರಡನೆಯದು ಮಾತ್ರ. ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಅದರಲ್ಲಿರುವುದನ್ನು ಯಾರಿಗೂ ಹೇಳಿಲ್ಲ, ನೀನೂ ಯಾರಿಗೂ ಹೇಳಬೇಡ. ಮೂರನೆಯ ಕೂಗು ಬದುಕಿರುವವರದು ಎಂದು ನಂಬಿ ಈ ಊರು ಎದ್ದು ಬರುತ್ತದೆ. ಹಾಗಲ್ಲ ಎಂದು ತಿಳಿದರೆ ನಾಳೆ ಯಾರು ಎಷ್ಟು ಸಲ ಕೂಗಿದರೂ ಒಬ್ಬರೂ ಏಳುವುದಿಲ್ಲ.

ಇವರ ವಿಷಯ ಕೇಳು. ಹೆದರಿ ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. "ಅವ್ವ ಈಗ ವಸ ಮಾತಾಡ್ತಾಳೆ ಕಣಮ್ಮಿ" ಎಂದು ಸಂಜೆಯಾದರೆ ಎತ್ತಿನ ಹಗ್ಗ ಹುಡುಕುತ್ತಾರೆ. ಹಗ್ಗವನ್ನು ನಾನು ಬಚ್ಚಿಡುತ್ತೇನೆ. ದಿನಾ ಇದೇ ಆಗಿದೆ.

ಅದಕ್ಕೇ ಬರೆಯುತ್ತಿದ್ದೇನೆ, ಬಾ. ಬಂದು ಅತ್ತೆಯ ಧ್ವನಿಯನ್ನು ಅದರಿಂದ ತೆಗೆ. ಅವರದು ಎಂದು ಉಳಿದಿರುವುದು ಅದೊಂದೇ. ಆದರೂ ತೆಗೆ. ನನ್ನ ಧ್ವನಿ ತುಂಬು, ಮೂರು ಸಲ ಕೂಗುವ ಹಾಗೆ ಮಾಡು. ಅತ್ತೆ ಬದುಕಿದ್ದಾಗ ಒಂದು ದಿನ ಕೂತು ಉಂಡವರಲ್ಲ. ಹಾಲು ಕರೆಯುತ್ತಲೇ ಹೋದವರು. ನಿಮ್ಮವರು ಹೊಸದನ್ನು ಮಾಡಿಕೊಂಡು ಹಳೆಯದನ್ನು ಕೈಬಿಟ್ಟರು, ಊರು ಕಾಯುವ ಕೆಲಸ ಸತ್ತ ಮುದುಕಿಯ ತಲೆಗೆ ಬಿತ್ತು. ನಿಮ್ಮ ಶಿವಕುಮಾರಸ್ವಾಮಿಯವರಿಗೆ ಈ ಒಂದು ಮಾತನ್ನಾದರೂ ಹೇಳು.

ದೀಪಾವಳಿಯವರೆಗೆ ಕಾಯಬೇಡ. ಮೊನ್ನೆ ಸಂಜೆ ಹಿತ್ತಲಿನಲ್ಲಿ ಕಡ್ಡಿ ಆಯುತ್ತಿದ್ದೆ. ಎತ್ತು ಕೊಟ್ಟಿಗೆಯಲ್ಲಿದ್ದವು, ಇವರು ಒಳಗೆ ಉಣ್ಣುತ್ತಿದ್ದರು. ಡೈರಿಯ ಕಡೆಯಿಂದ ಅತ್ತೆ "ಯಶೋದಾ" ಎಂದು ಕರೆದರು. ಪೆಟ್ಟಿಗೆಯಲ್ಲಿ ಗಂಡಸರ ಹೆಸರು ಬಿಟ್ಟರೆ ಬೇರೆ ಇಲ್ಲ. ಬದುಕಿದ್ದಾಗ ಅತ್ತೆ ನನ್ನನ್ನು ಅಮ್ಮಿ ಎನ್ನುತ್ತಿದ್ದರೇ ಹೊರತು ಹೆಸರು ಹಿಡಿದು ಕರೆದವರಲ್ಲ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಕೆಲಸ ವಹಿಸಿಕೊಡಲು ಸೊಸೆಯನ್ನು ಕರೆದ ಹಾಗಿತ್ತು.

ನಿನ್ನೆ ಸಂಜೆ ಮತ್ತೆ ಕರೆದರು. ಎರಡಾಯಿತು. ಮೂರನೆಯದಕ್ಕೆ ನಾನು ಓಗೊಡದೆ ಇರಲಾರೆ. ಬೇಗ ಬಾ.

ಯಶೋದ